‘ಒಂದು ನಮೂನೆ ಆಗ್ತದೆ’: ಹೆಸರು ಸಿಗದ ಭಾವಗಳ ಬಗ್ಗೆ



ಈ ದತ್ತಿ ಉಪನ್ಯಾಸದ ಕರಾರಿನಲ್ಲಿ ಎರಡು ಮಾತುಗಳಿವೆ. ಉಪನ್ಯಾಸ ಒಂದು ಗಂಟೆ ಮೀರಬಾರದು. ವಿಷಯ ಉಪನ್ಯಾಸಕನಿಗೆ ಸ್ವತಃ ಗೊತ್ತಿರುವಂಥದ್ದಾಗಿರಬೇಕು. ಮೊದಲನೆಯದನ್ನು ಪಾಲಿಸುತ್ತೇನೆಂದು ಕನ್ನಡ ಮೇಷ್ಟ್ರೊಬ್ಬ ಹೇಳಿದರೆ ಈ ಊರಿನಲ್ಲಿ ಯಾರೂ ನಂಬುವುದಿಲ್ಲ. ಎರಡನೆಯದರಲ್ಲಿ ಒಂದು ತೊಡಕಿದೆ. ನಾನು ಇವತ್ತು ಮಾತಾಡುವುದೇ ನನಗೆ ಗೊತ್ತಾಗದೇ ಹೋದ ಒಂದು ಸಂಗತಿಯ ಬಗ್ಗೆ.

ಆರು ವರ್ಷದ ಹಿಂದೆ ಕಾರ್ಕಳದಲ್ಲಿದ್ದ ನನ್ನ ಅಣ್ಣ ತೀರಿಕೊಂಡ. ಶಾಮಿಯಾನ, ಅಡುಗೆಯವರು, ಬೊಜ್ಜದ ದಿನದ ಊಟದ ಲೆಕ್ಕ, ಆಮೇಲೆ ಪಹಣಿಯಲ್ಲಿ ಹೆಸರು ಬದಲಾಯಿಸುವ ಓಡಾಟ, ಎಲ್ಲವನ್ನೂ ನಾನೇ ಮಾಡಿದೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನೆಂಟರು ‘ಗಟ್ಟಿ ಮನುಷ್ಯ’ ಎಂದರು. ಕೆಲವರು ಹೊಗಳಿ ಅಂದರು, ಕೆಲವರು ಬೇರೆ ಅರ್ಥದಲ್ಲಿ ಅಂದರು. ಎರಡು ತಿಂಗಳಾದ ಮೇಲೆ ಎದೆಗೂಡಿನ ಕೆಳಗೆ ಉರಿ ಶುರುವಾಯಿತು. ಜೀರಿಗೆ ಕಷಾಯ ಆಯಿತು, ಪುನರ್ಪುಳಿ ಸಾರು ಆಯಿತು, ಗ್ಯಾಸಿನ ಮಾತ್ರೆ ಆಯಿತು. ಕೊನೆಗೆ ಗಂಟಲೊಳಗೆ ಪೈಪು ಇಳಿಸಿ ಎಂಡೋಸ್ಕೋಪಿಯೂ ಆಯಿತು. ಹೊಟ್ಟೆ ಸರಿಯಾಗಿತ್ತು. ರಿಪೋರ್ಟು ನೋಡಿದ ಡಾಕ್ಟರು ನನ್ನ ವಿದ್ಯಾರ್ಥಿನಿಯ ವಯಸ್ಸಿನ ಹುಡುಗಿ. ‘ಸರ್, ಈಚೆಗೆ ಮನೆಯಲ್ಲಿ ಏನಾದರೂ ಆಯಿತಾ?’ ಎಂದು ಕೇಳಿದರು. ‘ಏನಿಲ್ಲ’ ಎಂದೆ. ಪಕ್ಕದಲ್ಲಿದ್ದ ಹೆಂಡತಿ ನನ್ನ ಮುಖವನ್ನೇ ನೋಡಿ, ‘ಇವರ ಅಣ್ಣ ಹೋಗಿ ಎಂಟು ತಿಂಗಳು’ ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು, ‘ನಿಮಗೆ ಹೇಗೆ ಅನ್ನಿಸ್ತದೆ?’ ಎಂದರು. ನಾನು ಬಾಯಿ ತೆರೆದೆ. ಒಳಗೆ ಹುಡುಕಿದೆ. ಸಿಕ್ಕಿದ್ದು ಇಷ್ಟು: ‘ಒಂದು ನಮೂನೆ ಆಗ್ತದೆ.’

ಮೂವತ್ತೊಂದು ವರ್ಷ ನಾನು ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಪಾಠ ಮಾಡಿದವನು. ಭರತಮುನಿಯ ಲೆಕ್ಕದಲ್ಲಿ ಸ್ಥಾಯಿಭಾವ 8, ವ್ಯಭಿಚಾರಿಭಾವ 33, ಸಾತ್ತ್ವಿಕಭಾವ 8, ಒಟ್ಟು 49. ನಿರ್ವೇದ, ಗ್ಲಾನಿ, ಶಂಕೆ, ಅಸೂಯೆ, ಮದ, ಶ್ರಮ, ಆಲಸ್ಯ, ದೈನ್ಯ, ಚಿಂತೆ ಎಂದು ಶುರುಮಾಡಿದರೆ ಉಸಿರು ಬಿಡದೆ ಮೂವತ್ತಮೂರನ್ನೂ ಮುಗಿಸುತ್ತಿದ್ದೆ. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟುತ್ತಿದ್ದರು. ಶಕುಂತಲೆಯ ಭಾವ ಯಾವುದು, ದುಷ್ಯಂತನದು ಯಾವುದು ಎಂದು ಅಂಕ ಕೊಟ್ಟು ಅಂಕ ಕಳೆದವನು. ನನ್ನದೇ ಒಂದು ಭಾವಕ್ಕೆ ಆ ನಲವತ್ತೊಂಬತ್ತರಲ್ಲಿ ಒಂದೂ ಒದಗಲಿಲ್ಲ.

ಈ ಸ್ಥಿತಿಗೆ ವೈದ್ಯಕೀಯದಲ್ಲಿ ‘ಅಲೆಕ್ಸಿಥೈಮಿಯಾ’ ಎಂದು ಹೆಸರಿದೆ. ಬಾಸ್ಟನ್ನಿನ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಗ್ರೀಕಿನ ಮೂರು ತುಂಡು ಜೋಡಿಸಿ ಕಟ್ಟಿದ ಪದ: ಇಲ್ಲ, ಮಾತು, ಭಾವ. ಹೊಟ್ಟೆಹುಣ್ಣು, ಕರುಳಿನ ತೊಂದರೆ, ಉಬ್ಬಸ ಎಂದು ಬರುತ್ತಿದ್ದ ರೋಗಿಗಳಲ್ಲಿ ಹಲವರು ತಮ್ಮ ನೋವಿನ ವಿವರವನ್ನು ಗಂಟೆಗಟ್ಟಲೆ ಹೇಳುತ್ತಿದ್ದರು. ‘ಆಗ ಏನನ್ನಿಸಿತು’ ಎಂದು ಕೇಳಿದರೆ ಮಾತ್ರ ಖಾಲಿಯಾಗಿ ನೋಡುತ್ತಿದ್ದರು. ಅದನ್ನು ಗಮನಿಸಿ ಆತ ಕೊಟ್ಟ ಹೆಸರು ಇದು. ಇದೊಂದು ರೋಗವಲ್ಲ, ರೋಗಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಎತ್ತರ, ಬಣ್ಣ ಇದ್ದ ಹಾಗೆ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ಇರುವ ಗುಣ. ಹೊರದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಗಣನೀಯವಾಗಿ ಇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಇರುವ ಹಾಗೆ ಕಾಣುತ್ತದೆ, ಕೆಲವರಿಗೆ ದೊಡ್ಡ ಆಘಾತದ ಮೇಲೆ ಬರುತ್ತದೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಾಣುತ್ತದೆ. ಉಳಿದರ್ಧದಲ್ಲಿ ಇಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು, ಯಾಕೆಂದರೆ ‘ಆಟಿಸಂನವರಿಗೆ ಭಾವನೆಯೇ ಇಲ್ಲ’ ಎಂಬ ಮಾತು ನಮ್ಮ ಕಡೆ ಸಲೀಸಾಗಿ ಓಡಾಡುತ್ತದೆ.

ಅಳೆಯಲು ಟೊರಾಂಟೋದವರು ಮಾಡಿದ ಒಂದು ಪ್ರಶ್ನಾವಳಿ ಇದೆ. 20 ವಾಕ್ಯಗಳು, ಒಂದೊಂದಕ್ಕೆ ಒಂದರಿಂದ ಐದು ಅಂಕ. 61 ಮುಟ್ಟಿದರೆ ‘ಇದೆ’ ಎಂದು ಲೆಕ್ಕ. ನಾನೂ ತುಂಬಿದೆ. ಹೆಚ್ಚು ಅಂಕ ಬಂದದ್ದಕ್ಕೆ ನಾಚಿಕೆಪಟ್ಟ ಪರೀಕ್ಷೆ ನನ್ನ ಜೀವನದಲ್ಲಿ ಅದೊಂದೇ. ನಾಚಿಕೆ ಎಂದು ಇವತ್ತು ಹೇಳುತ್ತಿದ್ದೇನೆ. ಆವತ್ತು ಕಿವಿ ಬಿಸಿಯಾದದ್ದು ಮಾತ್ರ ಗೊತ್ತಾಗಿತ್ತು.

ಕನ್ನಡದಲ್ಲಿ ಇದನ್ನು ಏನೆನ್ನೋಣ? ಒಬ್ಬ ಮಿತ್ರರು ‘ಭಾವಾಂಧತೆ’ ಎಂದು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಆ ಪದ ಕುರುಡರಿಗೂ ಅನ್ಯಾಯ, ನಮಗೂ ಅನ್ಯಾಯ. ಒಳಗೆ ಏನೂ ಇಲ್ಲ ಎಂಬ ಧ್ವನಿ ಅದರಲ್ಲಿದೆ. ವಾಸ್ತವದಲ್ಲಿ ಒಳಗೆ ಎಲ್ಲವೂ ನಡೆಯುತ್ತಿರುತ್ತದೆ: ನಾಡಿ ಏರುತ್ತದೆ, ಅಂಗೈ ಬೆವರುತ್ತದೆ, ದವಡೆ ಬಿಗಿಯುತ್ತದೆ. ಬಂದ ಅತಿಥಿ ಯಾರು ಎಂದು ಮಾತ್ರ ಗುರುತು ಹತ್ತುವುದಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗೊತ್ತಿದ್ದೂ ಹೇಳದವನು ಬೇರೆ, ಗೊತ್ತಾಗದೇ ಹೇಳದವನು ಬೇರೆ. ಮನೆಗಳಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ‘ನಿಮ್ಮದು ಕಲ್ಲು ಮನಸ್ಸು’ ಎಂಬ ಮಾತು ಹೇಳದವನಿಗೆ ತಾಗಬಹುದು. ಗೊತ್ತಾಗದವನು ಅದನ್ನು ಕೇಳಿ, ಇರಬಹುದೋ ಏನೋ ಎಂದು ನಂಬಿಬಿಡುತ್ತಾನೆ. ನಾನು ನಂಬಿದ್ದೆ.

ಈಗ ನನ್ನ ವಿಷಯಕ್ಕೆ, ಎಂದರೆ ಭಾಷೆಗೆ ಬರುತ್ತೇನೆ.

ನಮ್ಮ ಊರಿನ ‘ಒಂದು ನಮೂನೆ’ಯನ್ನು, ತುಳುವಿನ ‘ಒಂಜಿ ನಮೂನೆ’ಯನ್ನು, ಘಟ್ಟದ ಮೇಲಿನವರ ‘ಒಂಥರಾ’ವನ್ನು ಗಮನಿಸಿ. ಮೂರೂ ಒಂದೇ ಪೆಟ್ಟಿಗೆ, ಮುಚ್ಚಳ ತೆಗೆಯದ ಪೆಟ್ಟಿಗೆ. ಇದರ ಪಕ್ಕದ ಪೆಟ್ಟಿಗೆ ‘ಬೇಜಾರು’. ಬಸ್ಸು ತಪ್ಪಿದರೂ ಬೇಜಾರು, ಮಗಳು ಫೋನು ಮಾಡದಿದ್ದರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು. ಸಿಟ್ಟು, ಒಂಟಿತನ, ಅವಮಾನ, ಸುಸ್ತು ಎಲ್ಲದರ ಮೇಲೂ ಅದೇ ಒಂದು ಚೀಟಿ. ಮೂರನೆಯದು ‘ಮಂಡೆಬಿಸಿ’, ತುಳುವಿನಲ್ಲಿ ‘ಮಂಡೆ ಬೆಚ್ಚ’. ಇದು ಮೊದಲೆರಡರ ಹಾಗಲ್ಲ. ಇದರಲ್ಲಿ ಒಂದು ವಿಳಾಸ ಇದೆ: ಮಂಡೆ. ಒಂದು ಗುಣವೂ ಇದೆ: ಬಿಸಿ.

ಈ ಮೂರನೆಯದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಹೊರತಂದಿತು, ಡಾ. ಯು. ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ಹೊಟ್ಟೆಯುರಿಯ ಆ ದಿನಗಳಲ್ಲಿ ಒಂದು ಮಧ್ಯಾಹ್ನ ಬೇರೆ ಯಾವುದೋ ಪದ ಹುಡುಕಲು ಅದನ್ನು ತೆರೆದವನು ‘ಉಡಲ್’ ಎಂಬಲ್ಲಿ ಸಿಕ್ಕಿಬಿದ್ದೆ. ಕನ್ನಡದ ಒಡಲು ಮೈಯಾದರೆ, ತುಳುವಿನ ಉಡಲ್ ಮನಸ್ಸೂ ಹೌದು. ನಮ್ಮ ಭಾಷೆಗಳಲ್ಲಿ ಮನಸ್ಸು ಮೈಯಿಂದ ಇನ್ನೂ ಪಾಲಾಗಿ ಬೇರೆ ಒಲೆ ಹೂಡಿಲ್ಲ. ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ಕೆನ್ನುತ್ತದೆ, ಎದೆ ಧಸಕ್ಕೆನ್ನುತ್ತದೆ, ಗಂಟಲು ಕಟ್ಟುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೈ ಜುಮ್ಮೆನ್ನುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಭರತನ ಆ ಎಂಟು ಸಾತ್ತ್ವಿಕಭಾವಗಳೂ ಇವೇ ಅಲ್ಲವೆ? ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ: ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ಸ್ವರ ಒಡೆಯುವುದು, ನಡುಗುವುದು, ಬಣ್ಣ ಇಳಿಯುವುದು, ಕಣ್ಣೀರು, ಎಚ್ಚರ ತಪ್ಪುವುದು. ಪಾಠ ಮಾಡುವಾಗ ಇವನ್ನು ನಾನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳುತ್ತಿದ್ದೆ. ಪರೀಕ್ಷೆಗೆ ಬರುವುದು ಕಡಿಮೆ.

ಹೀಗೆ ಮೈಯ ಮೂಲಕ ಹೇಳಿಕೊಳ್ಳುವುದನ್ನು ಹಿಂದುಳಿದವರ ಲಕ್ಷಣ ಎಂದು ಬಗೆದವರಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ತೋರಿಸಿತು. ಅವರು ಮಾತಾಡಿಸಿದ ರೋಗಿಗಳಲ್ಲಿ ಖಿನ್ನತೆಯ ತೀವ್ರತೆ ಹೆಚ್ಚಿದಷ್ಟೂ ಸಮಾಜದ ಕಳಂಕದ ಭಯ ಹೆಚ್ಚಿತ್ತು. ಮೈನೋವಿನ ದೂರುಗಳ ಜೊತೆ ಆ ಭಯ ಕಡಿಮೆ ಇತ್ತು. ಸೊಂಟನೋವು ಎಂದರೆ ಎಲ್ಲರಿಗೂ ಬರುವಂಥದ್ದು, ಕೇಳಿದವರು ಎಣ್ಣೆ ಹೇಳುತ್ತಾರೆ. ಮನಸ್ಸು ಕುಸಿದಿದೆ ಎಂದರೆ ಮಗಳ ಮದುವೆಗೆ ಅಡ್ಡಿ. ಜನ ಅಜ್ಞಾನದಿಂದ ಮಾತ್ರ ಮೈಯ ಭಾಷೆ ಆಡುವುದಿಲ್ಲ. ಲೆಕ್ಕ ಹಾಕಿಯೂ ಆಡುತ್ತಾರೆ. ಆದರೆ ಲೆಕ್ಕ ಹಾಕಿ ಮುಚ್ಚಿದ್ದು ತಲೆಮಾರು ಕಳೆದ ಮೇಲೆ ಮುಚ್ಚಿದವನಿಗೇ ಮರೆತುಹೋಗುತ್ತದೆ ಎಂದು ನನ್ನ ಗುಮಾನಿ. ಇದು ವಿಜ್ಞಾನವಲ್ಲ, ನನ್ನ ಅಪ್ಪನನ್ನೂ ನನ್ನನ್ನೂ ನೋಡಿ ಹೇಳುತ್ತಿರುವುದು.

ಕಾಪುವಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಪದವಿ ಮುಗಿಸಿ ಮಲ್ಪೆಯಿಂದ ಬೋಟಿಗೆ ಹೋಗುತ್ತಾನೆ. ಗಾಳಿ ಯಾವ ಕಡೆಗೆ ತಿರುಗೀತು ಎಂಬುದನ್ನು ಕುತ್ತಿಗೆಯ ಹಿಂಭಾಗದ ಚರ್ಮದಿಂದ ಹೇಳುತ್ತಾನೆ. ನೀರಿನ ಬಣ್ಣ ನೋಡಿ ಬಲೆ ಬಿಡಬೇಕೋ ಬೇಡವೋ ಹೇಳುತ್ತಾನೆ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದ ಬೋಟು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಇವನು ಮನೆಯಲ್ಲಿ. ಮೊದಲ ವಾರ ಬಲೆ ರಿಪೇರಿ, ಎರಡನೇ ವಾರ ಟಿವಿ, ಮೂರನೇ ವಾರದಿಂದ ಬಾಟಲಿ. ‘ಎಂಚಿನ ಆಂಡ್ ಮಾರಾಯ?’ ಎಂದರೆ ‘ದಾಲ ಇಜ್ಜಿ ಸರ್.’ ಏನೂ ಇಲ್ಲ. ಅವನ ಹೆಂಡತಿ ಹೇಳಿದ ಮಾತು ನನಗೆ ಮರೆಯುವುದಿಲ್ಲ: ‘ಅಂಗಳದಲ್ಲಿ ಚಪ್ಪಲಿ ಕಳಚುವ ಶಬ್ದದಲ್ಲಿ ನನಗೆ ಗೊತ್ತಾಗ್ತದೆ ಸರ್, ಇವತ್ತು ಹೇಗಿದ್ದಾರೆ ಅಂತ. ಅವರಿಗೇ ಗೊತ್ತಾಗುದಿಲ್ಲ.’ ಕುಡಿತಕ್ಕೆ ಸಿಕ್ಕಿದವರಲ್ಲಿ ಈ ಹೆಸರು ಸಿಗದ ಸ್ಥಿತಿ ಉಳಿದವರಿಗಿಂತ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಯಾವುದು ಮೊದಲು ಎಂಬ ವಾದ ಮುಗಿದಿಲ್ಲ. ನನ್ನ ವಿದ್ಯಾರ್ಥಿಯ ವಿಷಯದಲ್ಲಿ ನನಗೆ ಕಂಡದ್ದು ಇಷ್ಟೆ: ಕುಡಿತ ಅವನಿಗೆ ನೋವಿನ ಮದ್ದಾಗಿರಲಿಲ್ಲ, ಯಾವ ನೋವು ಎಂದು ಕೇಳುವವರಿಂದ ತಪ್ಪಿಸಿಕೊಳ್ಳುವ ಹಿತ್ತಿಲ ಬಾಗಿಲಾಗಿತ್ತು.

ಇನ್ನು, ಮಣಿಪಾಲದಲ್ಲಿ ಓದುವ ಹುಡುಗ ಹುಡುಗಿಯರ ಬಗ್ಗೆ ಹೆಚ್ಚು ಹೇಳಲಾರೆ. ಅವರ ಬಳಿ ಪದಗಳಿಗೆ ಬರವಿಲ್ಲ, ಮೊಬೈಲಿನಲ್ಲಿ ನೂರಾರು ಹಳದಿ ಮುಖಗಳೂ ಇವೆ. ‘ಆಂಗ್ಸೈಟಿ’, ‘ಡಿಪ್ರೆಶನ್’ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಾರೆ. ನನ್ನ ‘ಬೇಜಾರಿ’ನ ಹಾಗೆ ಅವೂ ಮುಚ್ಚಿದ ಪೆಟ್ಟಿಗೆಗಳಾಗುತ್ತಿವೆಯೋ ಎಂದು ಒಮ್ಮೊಮ್ಮೆ ಸಂಶಯ.

ಅಣ್ಣನ ಮನೆ ಕಾರ್ಕಳದ ಗೊಮ್ಮಟಬೆಟ್ಟದ ಬುಡದಲ್ಲಿ. ಅವನ ವರ್ಷಾಂತಿಕಕ್ಕೆ ಹೋದಾಗ ಮೇಲೆ ಹತ್ತಿದೆ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ 42 ಅಡಿಯ ವಿಗ್ರಹ. ಚಿಕ್ಕಂದಿನಿಂದ ನೋಡಿದ್ದೇ. ಆವತ್ತು ಮೊದಲ ಸಲ ಆ ಕಥೆ ನನ್ನದು ಅನ್ನಿಸಿತು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಬಾಹುಬಲಿ ಒಂದು ವರ್ಷ ನಿಂತ ನಿಲುವಿನಲ್ಲಿ ತಪಸ್ಸು ಮಾಡಿದ. ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನ ಬರಲಿಲ್ಲ. ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ತಾನು ನಿಂತ ನೆಲ ಅಣ್ಣನದು ಎಂಬ ಕೊರಗು ಅದು ಎನ್ನುವುದು ನಮ್ಮ ಕಡೆ ಕೇಳಿಬರುವ ಕಥೆ. ಅಣ್ಣ ಭರತನೇ ಬಂದು ನಮಸ್ಕರಿಸಿದ ಮೇಲೆ ಅದು ಕಳೆಯಿತಂತೆ. ಶ್ವೇತಾಂಬರರ ಕಥೆಯಲ್ಲಿ ತಂಗಿಯರಾದ ಬ್ರಾಹ್ಮಿ, ಸುಂದರಿ ಬಂದು ‘ಆನೆಯ ಮೇಲಿಂದ ಇಳಿ’ ಎನ್ನುತ್ತಾರೆ. ಕಾಡಿನಲ್ಲಿ ಬರಿಗಾಲಲ್ಲಿ ನಿಂತವನಿಗೆ ಎಲ್ಲಿಯ ಆನೆ? ಯೋಚಿಸುತ್ತಾನೆ. ಓ, ಇದು ಅಹಂಕಾರ. ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ಬಾಗಲು ಹಿಂಜರಿಯುತ್ತಿದ್ದೇನೆ. ಗೊತ್ತಾಗಿ ಒಂದು ಹೆಜ್ಜೆ ಎತ್ತಿಟ್ಟದ್ದೇ ತಡ, ಜ್ಞಾನ ಬಂತು.

ಒಳಗನ್ನೇ ನೋಡುತ್ತ ಒಂದು ವರ್ಷ ನಿಂತವನಿಗೆ ಒಳಗಿದ್ದದ್ದು ಕಾಣಲಿಲ್ಲ. ಹಾಗಾದರೆ ನನ್ನಂಥವನ ಪಾಡೇನು ಎಂದು ಸಮಾಧಾನ ಮಾಡಿಕೊಂಡೆ. ಇನ್ನೊಂದನ್ನೂ ಗಮನಿಸಿದೆ. ತಂಗಿಯರು ‘ನಿನಗೆ ಅಹಂಕಾರ’ ಎಂದು ಹೇಳಲಿಲ್ಲ. ಹೇಳಿದ್ದರೆ ಅವನು ಇನ್ನೊಂದು ವರ್ಷ ನಿಲ್ಲುತ್ತಿದ್ದ. ಅವರು ಕೊಟ್ಟದ್ದು ಒಂದು ಚಿತ್ರ, ಆನೆ. ಹೆಸರನ್ನು ಅವನೇ ಹುಡುಕಿಕೊಂಡ.

ಕಾರ್ಕಳದಿಂದ ದೂರವಿಲ್ಲದ ನಂದಳಿಕೆ ಇನ್ನೊಂದು ಕಾರಣಕ್ಕೆ ನೆನಪಾಗುತ್ತದೆ. ಕನ್ನಡದವರಿಗೆ ಅದು ಮುದ್ದಣನ ಊರು. ಮುದ್ದಣ ಎಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತನ್ನ ಕಾವ್ಯವನ್ನು ತನ್ನದೆಂದು ಹೇಳಿಕೊಳ್ಳದೆ ಹಳೆಯ ಕವಿಯೊಬ್ಬನದು ಎಂಬಂತೆ ಕಳುಹಿಸಿದ. 1901ರಲ್ಲಿ ಮೂವತ್ತು ದಾಟುತ್ತಿದ್ದಂತೆ ತೀರಿಕೊಂಡ. ತುಳುವರಿಗೆ ನಂದಳಿಕೆ ಎಂದರೆ ಸಿರಿ ಜಾತ್ರೆ. ಸುಗ್ಗಿ ಹುಣ್ಣಿಮೆಯ ರಾತ್ರಿ ಹಿಂಗಾರ ಹಿಡಿದ ಹೆಂಗಸರ ಮೇಲೆ ಸಿರಿ ಬರುತ್ತಾಳೆ. ವರ್ಷವಿಡೀ ಮನೆಯಲ್ಲಿ ‘ಮೈ ಸರಿಯಿಲ್ಲ’, ‘ಒಂಜಿ ನಮೂನೆ’ ಎಂದು ಮೂಲೆ ಹಿಡಿದ ಹೆಂಗಸು ಅಲ್ಲಿ ನಡುಗುತ್ತ ಅಳುತ್ತ ನಿಂತಾಗ, ಸಿರಿಯ ಮಗ ಕುಮಾರನ ಆವೇಶದಲ್ಲಿರುವ ಪಾತ್ರಿ ಕೇಳುವ ಮುಖ್ಯ ಪ್ರಶ್ನೆ ಒಂದೇ: ನೀನು ಯಾರು? ಸಿರಿಯೆ, ಸೊನ್ನೆಯೆ, ಗಿಂಡೆಯೆ, ಅಬ್ಬಗೆಯೆ, ದಾರಗೆಯೆ? ಅವಳು ಒಂದು ಹೆಸರು ಹೇಳಬೇಕು. ಆ ಹೆಸರಿನ ಹಿಂದೆ ಒಂದು ಕಥೆ ಇದೆ. ಫಿನ್ಲೆಂಡಿನ ಲೌರಿ ಹೊಂಕೊ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರ ಬಾಯಿಂದ ಕೇಳಿ ದಾಖಲಿಸಿದ ಸಿರಿ ಪಾಡ್ದನ 15,683 ಸಾಲಿನದು, 1998ರಲ್ಲಿ ಅಚ್ಚಾಯಿತು.

ಆ ಕಥೆಯಲ್ಲಿ ಸಿರಿ ಬಸುರಿ. ಬಯಕೆಗೆಂದು ತಂದ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ತನ್ನ ಸೂಳೆಯ ಮನೆಯಲ್ಲಿ ಬಿಚ್ಚಿದ್ದ. ಸಿರಿ ಆ ಸೀರೆಯನ್ನು ತೊಡಲೊಲ್ಲೆ ಎನ್ನುತ್ತಾಳೆ. ಯಾವ ಅವಮಾನ, ಯಾವಾಗ ಆದದ್ದು, ಯಾರಿಂದ ಎಂಬುದೆಲ್ಲ ಅವಳಿಗೆ ನಿಚ್ಚಳ. ಅದೇ ಕಥೆಯ ಕೊನೆಯಲ್ಲಿ ಬರುವ ಅವಳಿಗಳು ಅಬ್ಬಗೆ ದಾರಗೆ ಚೆನ್ನೆಮಣೆ ಆಡುತ್ತ ಕುಳಿತವರು. ಸೋಲು ಗೆಲುವು, ಒಂದು ಮಾತು, ಎತ್ತಿದ ಮಣೆ, ತಲೆಗೆ ಪೆಟ್ಟು. ಒಬ್ಬಳು ಸತ್ತಳು, ಇನ್ನೊಬ್ಬಳು ಬಾವಿಗೆ ಹಾರಿದಳು. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆಮಣೆ ಆಡಬಾರದು ಎಂದು ನಮ್ಮ ಅಜ್ಜಿ ಬೈಯುತ್ತಿದ್ದದ್ದು ಇದಕ್ಕೇ. ತನ್ನೊಳಗೆ ಸಿಟ್ಟು ಇದೆ ಎಂದು ಮಣೆ ಎತ್ತಿದವಳಿಗೆ ಗೊತ್ತಾದದ್ದು ಮಣೆ ಕೈಯಿಂದ ಬಿದ್ದ ಮೇಲೆ.

ಸಿರಿ ಜಾತ್ರೆ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ. ಅದು ನಂಬಿದವರ ಪೂಜೆ, ನನ್ನ ದೃಷ್ಟಾಂತಕ್ಕೆ ಹುಟ್ಟಿದ್ದಲ್ಲ. ಮನೆಯ ಅನ್ಯಾಯ ಸರಿಹೋಗದೆ ಜಾತ್ರೆ ಒಂದರಿಂದಲೇ ಯಾವ ಹೆಣ್ಣಿನ ಸಂಕಟವೂ ಮುಗಿಯುವುದಿಲ್ಲ. ಆದರೆ ಹೆಸರಿಲ್ಲದ ನಡುಕಕ್ಕೆ ಒಂದು ಹೆಸರನ್ನು ಎರವಲು ಕೊಡುವ ಈ ಏರ್ಪಾಡು ಯಾವ ಮನಶ್ಶಾಸ್ತ್ರದ ಪುಸ್ತಕಕ್ಕಿಂತಲೂ ಹಳೆಯದು. ಗಂಡಸರಿಗೆ ಅಂಥದ್ದು ಏನಿದೆ ಎಂದು ಯೋಚಿಸಿದೆ. ಯಕ್ಷಗಾನ ಇದೆ.

1971ರಲ್ಲಿ ಶಿವರಾಮ ಕಾರಂತರು, ಕು. ಶಿ. ಹರಿದಾಸ ಭಟ್ಟರು ಸೇರಿ ಉಡುಪಿಯಲ್ಲಿ ಕಟ್ಟಿದ ಯಕ್ಷಗಾನ ಕೇಂದ್ರಕ್ಕೆ ನಾನು ಎಷ್ಟೋ ಸಲ ಹೋಗಿದ್ದೇನೆ. ಹೋದಾಗಲೆಲ್ಲ ಮೆಚ್ಚಿದ್ದು ಕುಣಿತ. ಈಗ ಯೋಚಿಸಿದರೆ ಯಕ್ಷಗಾನದ ಅಚ್ಚರಿ ಇನ್ನೊಂದು ಕಡೆ ಇದೆ. ಪಾತ್ರದ ಸಂಕಟವನ್ನು ಮೊದಲು ಭಾಗವತರು ಪದ್ಯದಲ್ಲಿ ಹಾಡುತ್ತಾರೆ; ಅಷ್ಟು ಹೊತ್ತು ವೇಷಧಾರಿ ಅದನ್ನು ಮೈಯಲ್ಲಿ ಕುಣಿಯುತ್ತಾನೆ; ಪದ್ಯ ಮುಗಿದು ಚಂಡೆ ನಿಂತ ಮೇಲೆ ಅರ್ಥ ಹೇಳುತ್ತಾನೆ. ಇನ್ನೊಬ್ಬರ ಸ್ವರ, ಆಮೇಲೆ ಸ್ವಂತ ಮೈ, ಕೊನೆಗೆ ಸ್ವಂತ ಮಾತು. ಆ ಅನುಕ್ರಮವನ್ನು ಯಾರೂ ತಿರುಗಾಮುರುಗಾ ಮಾಡುವುದಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಪದ್ಯವಿಲ್ಲದೆ, ಕುಣಿತವಿಲ್ಲದೆ ನೇರ ‘ಅರ್ಥ ಹೇಳು’ ಎಂದು ಗಂಟುಬೀಳುತ್ತೇವೆ. ‘ಏನಾಯಿತು? ಯಾಕೆ ಹೀಗಿದ್ದೀರಿ? ಹೇಳಬಾರದಾ?’ ಕೇಳುವವರದು ಪ್ರೀತಿಯೇ. ಉತ್ತರ ಗೊತ್ತಿಲ್ಲದವನಿಗೆ ಅದು ಪೊಲೀಸು ಠಾಣೆ.

ಆ ಡಾಕ್ಟರು ನನ್ನನ್ನು ಆಪ್ತಸಮಾಲೋಚಕರೊಬ್ಬರ ಹತ್ತಿರ ಕಳಿಸಿದರು. ಅವರು ಮಾಡಿದ ದೊಡ್ಡ ಉಪಕಾರ ಎಂದರೆ ‘ಹೇಗನ್ನಿಸುತ್ತದೆ’ ಎಂದು ಕೇಳದೇ ಇದ್ದದ್ದು. ‘ಈಗ ಎಲ್ಲಿ ಆಗ್ತಾ ಉಂಟು?’ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿತ್ತು! ಎದೆಗೂಡಿನ ಕೆಳಗೆ, ಎಡಕ್ಕೆ ಸ್ವಲ್ಪ. ಬಿಸಿಯೋ ತಣ್ಣಗೋ, ಬಿಗಿಯೋ ಸಡಿಲವೋ, ನಿಂತದ್ದೋ ಹರಿಯುವುದೋ? ಹೇಳಿದೆ. ಅದಕ್ಕೆ ಸ್ವಲ್ಪ ಮೊದಲು ಏನು ನಡೆಯುತ್ತಿತ್ತು? ಹೇಳಿದೆ. ‘ಇಷ್ಟು ಸಾಕು. ಒಂದು ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಎರಡು ಸಲ ಇದನ್ನೇ ಬರೀರಿ. ಹೆಸರಿಗೆ ಕೊನೆಯಲ್ಲಿ ಜಾಗ ಬಿಡಿ. ಖಾಲಿ ಇದ್ದರೂ ಪರವಾಗಿಲ್ಲ’ ಎಂದರು.

ಹೆಸರುಗಳೂ ಐದೇ: ಸಿಟ್ಟು, ಹೆದರಿಕೆ, ದುಃಖ, ನಾಚಿಕೆ, ಖುಷಿ. ಮೂವತ್ತಮೂರನ್ನು ಬಲ್ಲವನಿಗೆ ಐದರ ಬಾಲಪಾಠ. ಮೊದಲ ತಿಂಗಳು ಕೊನೆಯ ಜಾಗವೆಲ್ಲ ಖಾಲಿ. ಎರಡನೇ ತಿಂಗಳಲ್ಲಿ ಪುಟ ತಿರುವುತ್ತಿದ್ದಾಗ ಒಂದು ಕಂಡಿತು. ಉರಿ ಭಾನುವಾರ ಹೆಚ್ಚು. ಭಾನುವಾರ ಎಂದರೆ ಕೋಳಿ, ಕೋಳಿ ಎಂದರೆ ಮಸಾಲೆ ಎಂದುಕೊಂಡೆ. ಕೋಳಿ ಬಿಟ್ಟೆ. ಉರಿ ಬಿಡಲಿಲ್ಲ. ಹೆಂಡತಿ ಪುಸ್ತಕ ಇಸಿದುಕೊಂಡು ನೋಡಿದಳು. ಮಧ್ಯಾಹ್ನ ನಾಲ್ಕು, ನಾಲ್ಕೂಕಾಲು, ನಾಲ್ಕು. ‘ಆ ಹೊತ್ತಿಗೇ ಅಲ್ವಾ ಭಾವನವರ ಫೋನ್ ಬರ್ತಾ ಇದ್ದದ್ದು?’

ನಾನು ಅತ್ತೆ ಎಂದು ನೀವು ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ, ಅಳಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತೆ. ಕೊನೆಯ ಜಾಗದಲ್ಲಿ ‘ದುಃಖ’ ಎಂದು ಬರೆದೆ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮುಂದಿನ ಭಾನುವಾರ ನಾಲ್ಕು ಗಂಟೆಗೆ ಅಣ್ಣನ ಮಗನಿಗೆ ನಾನೇ ಫೋನು ಮಾಡಿದೆ. ಅಡಿಕೆಯ ರೇಟು, ಮಂಗನ ಕಾಟ ಇಷ್ಟೇ ಮಾತಾಡಿದೆವು. ಇವತ್ತಿಗೂ ಮಾಡುತ್ತೇನೆ. ಉರಿ ಪೂರ್ತಿ ಹೋಗಿಲ್ಲ. ಬಂದಾಗ ಯಾರು ಬಂದದ್ದು ಎಂದು ಗೊತ್ತಾಗುತ್ತದೆ.

ಹೆಸರಿಡುವುದರಿಂದ ಆಗುವುದೇನು? ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ, ಸಿಟ್ಟಿನ ಮುಖ, ಹೆದರಿದ ಮುಖಗಳ ಚಿತ್ರ ನೋಡುವವರ ಮಿದುಳನ್ನು ಸ್ಕ್ಯಾನು ಮಾಡಿತು. ಭಾವಕ್ಕೆ ಹೆಸರು ಆರಿಸಿದಾಗ ಅಮಿಗ್ಡಲಾ ಎಂಬ ಎಚ್ಚರಿಕೆ ಗಂಟೆಯ ಸದ್ದು ಇಳಿಯುತ್ತಿತ್ತು. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಕಷ್ಟದ ಅನುಭವವನ್ನು ಬರೆದರು. ಅನುಭವದ ಜೊತೆ ಭಾವವನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಹೋದದ್ದು ಕಡಿಮೆ. ಇವನ್ನು ಓದಿ ನಾಳೆಯೇ ಎಲ್ಲರ ಕೈಗೂ ನೋಟ್‌ಬುಕ್ ಕೊಡಬೇಡಿ. ಹೆಸರು ಸಿಗದವನಿಗೆ ‘ಭಾವ ಬರೆ’ ಎಂದರೆ ಈಜು ಬಾರದವನಿಗೆ ‘ದಡಕ್ಕೆ ಬಾ’ ಎಂದ ಹಾಗೆ. ಮೊದಲು ನೆಲ ತಾಗಬೇಕು. ನೆಲ ಎಂದರೆ ಮೈ. ಕಾಪುವಿನ ವಿದ್ಯಾರ್ಥಿಗೆ ನಾನು ನೋಟ್‌ಬುಕ್ ಹೇಳಲಿಲ್ಲ, ಬರೆಯುವವನಲ್ಲ. 1901ರ ಲೈಟ್‌ಹೌಸಿನ ವರೆಗೆ ಸಂಜೆ ನಡೆದು ಬರಲು ಹೇಳಿದೆ, ಬಂದು ಹೆಂಡತಿಗೆ ಗಾಳಿಯ ವರದಿ ಕೊಡಲು ಹೇಳಿದೆ: ಇವತ್ತು ಒಳಗೆ ಗಾಳಿ ಯಾವ ಕಡೆ, ಎಷ್ಟು ಜೋರು. ಕಡಲಿನ ಮಾತು ಅವನಿಗೆ ಬರುತ್ತದಲ್ಲ. ಮೊದಲ ದಿನ ನಗಾಡಿದ. ಕಳೆದ ಜುಲೈಯಲ್ಲಿ ಒಂದು ಸಂಜೆ ಅವಳಿಗೆ ‘ತೂಫಾನು ಉಂಟು, ಇವತ್ತು ದೂರ ಇರು’ ಎಂದನಂತೆ. ಅವಳು ಅದನ್ನು ಹಬ್ಬದ ಸುದ್ದಿಯ ಹಾಗೆ ನನಗೆ ಹೇಳಿದಳು. ಕುಡಿತಕ್ಕೆ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಯಲ್ಲಿ ಬೇರೆ ಚಿಕಿತ್ಸೆ ನಡೆಯುತ್ತಿದೆ. ಗಾಳಿಯ ವರದಿಯಿಂದ ಅದು ಬಿಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಎದೆನೋವನ್ನೆಲ್ಲ ಭಾವ ಎಂದು ಓದಬೇಡಿ. ಮೊದಲು ಇಸಿಜಿ, ಆಮೇಲೆ ಭರತಮುನಿ. ನನ್ನ ಹೊಟ್ಟೆ ಸರಿಯಿದೆ ಎಂದು ಗೊತ್ತಾದದ್ದು ಎಂಡೋಸ್ಕೋಪಿಯಿಂದ. ಇನ್ನು ವಾರಗಟ್ಟಲೆ ನಿದ್ದೆ ಹೋಗಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ, ಹೆಸರು ಹುಡುಕುತ್ತ ಕೂರುವ ಹೊತ್ತಲ್ಲ ಅದು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ; 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ. ಕರೆ ಮಾಡಿ ಏನು ಹೇಳುವುದು ಎಂದು ತೋಚದಿದ್ದರೆ ‘ಒಂದು ನಮೂನೆ ಆಗ್ತದೆ’ ಎಂದೇ ಶುರುಮಾಡಿ.

ಸಭೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಕೆಲವರಿದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಬಿದ್ದು ಮಂಡಿ ತರಚಿಕೊಂಡ ಹುಡುಗನಿಗೆ ‘ಗಂಡಸು ಅಳ್ತಾನಾ?’ ಎನ್ನುವುದನ್ನು ನಿಲ್ಲಿಸಿ. ನಾನು ಮಗನಿಗೆ ಅಂದಿದ್ದೇನೆ. ಅವನು ಈಗ ದುಬೈಯಿಂದ ಫೋನು ಮಾಡಿ ‘ಏನಿಲ್ಲಪ್ಪ’ ಅನ್ನುತ್ತಾನೆ.

ಉಳಿದವರಿಗೆ ಇಷ್ಟೇ. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಯಾರಾದರೂ ಗಂಜಿಯ ಬಟ್ಟಲನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟರೆ, ‘ಏನಾಯಿತು?’ ಎಂದು ಕೇಳಬೇಡಿ. ‘ಎಲ್ಲಿ ಆಗ್ತಾ ಉಂಟು?’ ಎಂದು ಕೇಳಿ. ತುಳುವಿನವರಾದರೆ, ‘ಓಲು ಬೇನೆ ಆಪುಂಡು?’ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ಟಿವಿ ಹಾಕಬೇಡಿ.